ನಮ್ಮ ಟೆಂಪೋದ ಮಶೇರಿ ಡಬ್ಬಿ

ಮೀನು ಮಾರುವವಳಿಗೆ ಬುಟ್ಟಿ ಹಳೆಯದಿದ್ದರೂ ನಡೆಯುತ್ತದೆ, ಬಾಯಿ ಮಾತ್ರ ಗಟ್ಟಿ ಇರಬೇಕು. ಅಂಕೋಲೆಯ ಮೀನುಪೇಟೆಯಲ್ಲಿ ನನ್ನ ಬಾಯಿಗೆ ಒಂದು ಹೆಸರಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ದಾರಿ ಹಿಡಿದವರೂ ನನ್ನ ಕೂಗು ಕೇಳಿ ತಿರುಗಿ ಬಂದು ಬಂಗಡೆ ಒಯ್ಯುತ್ತಾರೆ ಎಂದು ಪೇಟೆಯವರೇ ಹೇಳುವುದುಂಟು. ಅಂಥ ಬಾಯಿಗೇ ಕಾಯಿಲೆ ಬಂತು. ಅದು ಬಂದ ಕಥೆಯನ್ನೂ, ಅದನ್ನು ನಾವು ಹೆಂಗಸರೆಲ್ಲ ಸೇರಿ ಅಟ್ಟಿದ ಕಥೆಯನ್ನೂ ಬರೆದಿಡು ಎಂದು ಮಗಳು ರೇಷ್ಮಾ ಗಂಟುಬಿದ್ದಳು. ಹತ್ತನೇ ತರಗತಿಯವರೆಗೆ ಕಲಿತ ನನ್ನ ಕನ್ನಡವನ್ನು ಅವಳೇ ತಿದ್ದಿದ್ದಾಳೆ. ಬೈಗುಳಗಳನ್ನೆಲ್ಲ ತೆಗೆದು ಹಾಕಿದ್ದಾಳೆ, ಅದೊಂದು ನಷ್ಟ.

ನನ್ನ ತವರು ಚೆಂಡಿಯಾ. ನೌಕಾನೆಲೆಗೆ ಜಾಗ ಹೋದ ಮೇಲೆ ತವರಿನವರು ಪುನರ್ವಸತಿ ಕಾಲನಿಗೆ ಬಂದರು, ನಾನು ಮದುವೆಯಾಗಿ ಬಿಣಗಾಕ್ಕೆ ಬಂದೆ. ಗಂಡ ದೋಣಿಗೆ ಹೋಗುತ್ತಾರೆ. ನಾನು ಬೆಳಗಾಗುವಾಗ ಕಾರವಾರ ಬಂದರಿನಲ್ಲಿ ಮೀನು ಕೊಂಡು, ನಮ್ಮ ಕಡೆಯ ನಾಲ್ಕಾರು ಹೆಂಗಸರೊಂದಿಗೆ ಟೆಂಪೋ ಹತ್ತಿ ಅಂಕೋಲೆಗೆ ಹೋಗುತ್ತೇನೆ. ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ ಕಾಲು ಮಡಚಿ ಕೂತು ಹೋಗುವ ಆ ದಾರಿಯಲ್ಲಿ ನಾವು ನಗುವಷ್ಟು ಮನೆಯಲ್ಲಿ ಕೂತ ಹೆಂಗಸರು ನಗುವುದಿಲ್ಲ ಎಂದು ನನ್ನ ಲೆಕ್ಕ.

ಬಿಣಗಾದ ಕಾರ್ಖಾನೆ ದಾಟಿತೆಂದರೆ ಗಿರಿಜಕ್ಕನ ಸೊಂಟದಿಂದ ಮಶೇರಿ ಡಬ್ಬಿ ಹೊರಬರುತ್ತಿತ್ತು. ಗಿರಿಜಕ್ಕ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಟೆಂಪೋದಲ್ಲಿ ಅವಳು ಹೇಳಿದ್ದೇ ಕಾಯ್ದೆ. ಮಶೇರಿ ಎಂದರೆ ಹೊಗೆಸೊಪ್ಪನ್ನು ಕಾವಲಿಯ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಬೆರಳಿಗೆ ಹತ್ತಿಸಿಕೊಂಡು ಹಲ್ಲಿಗೂ ವಸಡಿಗೂ ತಿಕ್ಕುವುದು, ಆಮೇಲೆ ಸುಮ್ಮನೆ ಬಾಯಲ್ಲಿ ಇಟ್ಟುಕೊಂಡಿರುವುದು. ನನ್ನ ಆಯಿ ತಿಕ್ಕುತ್ತಿದ್ದಳು, ಅತ್ತೆ ತಿಕ್ಕುತ್ತಿದ್ದರು. ನಮಗೆ ಅದು ಹಲ್ಲುಪುಡಿ ಅಷ್ಟೇ.

ಅಷ್ಟೇ ಅಲ್ಲ, ಆ ಡಬ್ಬಿಗೆ ಇನ್ನೊಂದು ಕೆಲಸವೂ ಇತ್ತು. ಮೀನುಪೇಟೆ ಎಂದ ಮೇಲೆ ಜಗಳ ಇಲ್ಲದ ದಿನ ಇಲ್ಲ. ಗಿರಾಕಿ ತಪ್ಪಿಸಿದಳು, ನೀರು ನನ್ನ ಕಡೆ ಚೆಲ್ಲಿದಳು ಎಂದು ಕಚ್ಚಾಡುತ್ತೇವೆ. ಕಚ್ಚಾಡಿದವರು ಕ್ಷಮೆಗಿಮೆ ಕೇಳುವುದಿಲ್ಲ. ಇಬ್ಬರಲ್ಲಿ ಒಬ್ಬಳು ಡಬ್ಬಿ ತೆಗೆದು ಇನ್ನೊಬ್ಬಳ ಮುಂದೆ ಹಿಡಿಯುತ್ತಾಳೆ, ಅವಳು ಒಂದು ಚಿಟಿಕೆ ತೆಗೆಯುತ್ತಾಳೆ, ಜಗಳ ಮುಗಿಯಿತು. ಹಿಡಿದ ಡಬ್ಬಿಯನ್ನು ಬೇಡ ಎಂದರೆ ನಿನ್ನ ನನ್ನ ನಂಟು ಇಲ್ಲಿಗೆ ಹರಿಯಿತು ಎಂದು ಅರ್ಥ.

ಮೊದಲು ಉರಿ ಕಾಣಿಸಿದ್ದು ಊಟದಲ್ಲಿ. ಹುಳಿಗೆ ಮುರುಗಲು ಹಾಕಿ, ಬ್ಯಾಡಗಿ ಮೆಣಸು ಅರೆದು ಮಾಡಿದ ತಾರ್ಲೆ ಮೀನಿನ ಸಾರು ಬಾಯಿಗಿಟ್ಟರೆ ಕೆಂಡ ಇಟ್ಟ ಹಾಗೆ. ಮೀನುಗಾರರ ಮನೆಯಲ್ಲಿ ಹುಟ್ಟಿದವಳು ಮಜ್ಜಿಗೆ ಅನ್ನ ಉಣ್ಣತೊಡಗಿದೆ. ಉಷ್ಣ ಆಗಿದೆ ಎಂದು ನಾನೇ ಮನೆಮದ್ದು ಮಾಡಿಕೊಂಡೆ, ಎಳನೀರು ಕುಡಿದೆ, ಕೊತ್ತಂಬರಿ ಕಷಾಯ ಕುಡಿದೆ. ಉರಿ ತಣಿಯಲಿ ಎಂದು ಮಶೇರಿಯನ್ನು ಇನ್ನಷ್ಟು ತಿಕ್ಕಿದೆ, ಅದರಿಂದ ಸ್ವಲ್ಪ ಹೊತ್ತು ಬಾಯಿ ಜೋಮು ಹಿಡಿಯುತ್ತಿತ್ತಲ್ಲ. ಕೊನೆಗೆ ಒಂದು ದಿನ ರೇಷ್ಮಾ ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಕೆನ್ನೆಯ ಒಳಗೆ, ನಾನು ಪುಡಿ ಒತ್ತಿಡುವ ಜಾಗದಲ್ಲೇ, ಹಾಲಿನ ಕೆನೆ ಅಂಟಿದ ಹಾಗೆ ಒಂದು ಬಿಳಿ ಮಚ್ಚೆ. ಅವಳು ಮರುದಿನ ಕಾಲೇಜಿಗೆ ರಜೆ ಹಾಕಿ ನನ್ನನ್ನು ಕಾರವಾರದ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಹಲ್ಲಿನ ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು.

"ತಂಬಾಕು ತಿನ್ನುತ್ತೀರಾ ಅಮ್ಮಾ?"

ನನಗೆ ಸಿಟ್ಟೇ ಬಂತು. "ತಂಬಾಕಾ? ನಮ್ಮನೇಲಿ ಅದ್ರ ಹೆಸ್ರು ತೆಗುಕಿಲ್ಲ. ನಮ್ಮನೆಯೋರು ಗುಟ್ಕಾ ತಿಂತಿದ್ರು, ಗಲಾಟೆ ಮಾಡಿ ಬಿಡಿಸ್ದೋಳೇ ನಾನು."

"ಎಲೆ ಅಡಿಕೆ?"

"ಮದ್ವೆ ಮನೇಲಿ ಕೊಟ್ರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ?"

"ಮಶೇರಿಲಿ."

"ಯಾವಾಗ ಯಾವಾಗ?"

"ಬೆಳಿಗ್ಗೆ ಎದ್ದಾಗ. ಚಾ ಕುಡ್ದ ಮೇಲೆ. ಬಂದರ್‌ದಲ್ಲಿ ದೋಣಿ ಕಾಯುವಾಗ. ಟೆಂಪೋದಲ್ಲಿ. ಪೇಟೇಲಿ ಗಿರಾಕಿ ಕಮ್ಮಿ ಆದಾಗ. ಊಟ ಆದ ಮೇಲೆ. ಮತ್ತೆ ಮಲಗೂಕೆ ಮುಂಚೆ..." ಹೇಳುತ್ತ ಹೇಳುತ್ತ ನನಗೇ ಏನೋ ಸರಿ ಕಾಣಲಿಲ್ಲ. ಪಕ್ಕದಲ್ಲಿ ರೇಷ್ಮಾ ತಲೆ ತಗ್ಗಿಸಿಕೊಂಡಿದ್ದಳು.

"ಇಷ್ಟು ಸಲ ಯಾರಾದರೂ ಹಲ್ಲುಜ್ಜುತ್ತಾರಾ ಅಮ್ಮಾ? ಆ ಪುಡಿ ಯಾವುದರಿಂದ ಮಾಡುವುದು?"

ಆ ಪ್ರಶ್ನೆಗೆ ಉತ್ತರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಗೆಸೊಪ್ಪು ಕೊಂಡು ತರುವವಳು ನಾನು, ಕೆಮ್ಮುತ್ತ ಹುರಿಯುವವಳು ನಾನು, ಕುಟ್ಟಿ ಸೋಸುವವಳು ನಾನು. ಆದರೂ ತಂಬಾಕು ತಿನ್ನುತ್ತೀಯಾ ಎಂದರೆ ದೇವರಾಣೆ ಇಲ್ಲ ಎಂದೆ, ಮತ್ತು ಅದು ಸುಳ್ಳು ಎಂದು ನನ್ನ ಮನಸ್ಸಿಗೆ ಒಂದು ಚೂರೂ ಅನ್ನಿಸಲಿಲ್ಲ. ನಮ್ಮ ಕರಾವಳಿಯ ಎಷ್ಟು ಹೆಂಗಸರು ಹೀಗೆ ಡಾಕ್ಟರ ಮುಂದೆ ಗತ್ತಿನಿಂದ ಇಲ್ಲ ಎಂದು ಹೇಳಿ ಎದ್ದು ಬಂದಿದ್ದಾರೋ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚೂರು ತೆಗೆದದ್ದು ನೋಯಲಿಲ್ಲ, ಕಾದದ್ದು ನೋಯಿತು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂತಿದ್ದರು, ಮುಖಕ್ಕೆ ಪಂಚೆ ಸುತ್ತಿಕೊಂಡು. ಅವರ ಹೆಂಡತಿ ಲೋಟದಲ್ಲಿ ನೀರು ತಂದು ಚಮಚೆಯಲ್ಲಿ ಹಾಕುತ್ತಿದ್ದಳು, ಅರ್ಧ ಹೊರಗೇ ಬರುತ್ತಿತ್ತು. ನಾನು ನೋಡಬಾರದೆಂದು ಗೋಡೆ ನೋಡಿದೆ. ನನಗೆ ಆದ ಹೆದರಿಕೆಯನ್ನು ಹೇಗೆ ಹೇಳಲಿ? ಸಾಯುವ ಹೆದರಿಕೆ ಆಮೇಲಿನದು. ಬಾಯಿ ಹೋದರೆ ಕೂಗುವುದು ಹೇಗೆ, ಬಾಯಿಹುಣ್ಣಿನ ಹೆಂಗಸಿನ ಬುಟ್ಟಿಯಿಂದ ಮೀನು ಕೊಳ್ಳುವವರು ಯಾರು, ಅದೇ ಮೊದಲ ಹೆದರಿಕೆ. ಆದ್ದರಿಂದ ಪೇಟೆಯಲ್ಲಿ ಯಾರಿಗೂ ಹೇಳಬೇಡ ಎಂದು ರೇಷ್ಮಾಳಿಂದ ಆಣೆ ಹಾಕಿಸಿಕೊಂಡೆ.

ನಮ್ಮನೆಯವರು ಸುದ್ದಿ ಕೇಳಿ ಸೀದಾ ಬಂದರಿಗೆ ಹೋದರು. ಸಂಜೆ ನೊಗಲಿ ಮೀನು ತಂದು, ತಾವೇ ಉಪ್ಪು ಅರಿಸಿನ ಮಾತ್ರ ಹಾಕಿ ಬೇಯಿಸಿ, ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದರು. ಮದುವೆಯಾದಂದಿನಿಂದ ಒಲೆಯ ಹತ್ತಿರ ಸುಳಿಯದ ಮನುಷ್ಯ. ಉಪ್ಪು ಎಷ್ಟು ಜಾಸ್ತಿಯಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು, ಅವರು ಅದನ್ನು ಬೇರೆ ಏನೋ ಎಂದು ತಿಳಿದು ಬೆನ್ನು ಸವರಿದರು. ನಾನೂ ತಿದ್ದಲು ಹೋಗಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರು ಹೇಳಿದ್ದು ನನಗೆ ಬಾಯಿಪಾಠ. "ಇದು ಕ್ಯಾನ್ಸರ್ ಅಲ್ಲ ಅಮ್ಮಾ. ಆದರೆ ಆ ದಾರಿಯಲ್ಲಿ ನಿಂತಿದೆ. ಮಶೇರಿ ಪೂರ್ತಿ ಬಿಟ್ಟರೆ ಹಿಂದೆ ಹೋಗಬಹುದು. ಬಿಡದಿದ್ದರೆ ಮುಂದೆ ಹೋಗಬಹುದು. ಮಳೆಗಾಲ ಕಳೆದು ಬನ್ನಿ, ಮತ್ತೆ ನೋಡೋಣ." ಅಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಕುಣಿಯಬೇಕು ಅನ್ನಿಸಿತು. ಬಿಡುವುದೇನು ಮಹಾ, ಒಂದು ಹಲ್ಲುಪುಡಿ ತಾನೆ ಎಂದುಕೊಂಡೆ.

ಹಲ್ಲುಪುಡಿ ಬಿಟ್ಟರೆ ಯಾರಿಗಾದರೂ ತಲೆ ಸಿಡಿಯುತ್ತದೆಯೇ? ನನಗೆ ಸಿಡಿಯಿತು. ಬೆಳಿಗ್ಗೆ ಹೊಟ್ಟೆ ಸರಿಹೋಗಲಿಲ್ಲ. ಕೈ ತಾನಾಗಿ ಸೊಂಟದಲ್ಲಿ ಡಬ್ಬಿ ಹುಡುಕುತ್ತಿತ್ತು. ಮೀನಿನ ಕಿವಿರು ಎತ್ತಿ ನೋಡಿದ ಗಿರಾಕಿಗೆ, ತಾಜಾ ಅಲ್ಲ ಅಂದ್ರೆ ಸಮುದ್ರಕ್ಕೇ ಹೋಗಿ ಹಿಡ್ಕೋ ಎಂದು ಹೇಳಿ ಕಳಿಸಿದೆ. ಆಗ ಗೊತ್ತಾಯಿತು, ಗುಟ್ಕಾ ಬಿಡಿಸುವಾಗ ಗಂಡ ಯಾಕೆ ಬಾಗಿಲು ಒದೆಯುತ್ತಿದ್ದರೆಂದು.

ಎಲ್ಲಕ್ಕಿಂತ ದೊಡ್ಡ ಕಷ್ಟ ಟೆಂಪೋದಲ್ಲಿ. ಕೆಲವು ದಿನಗಳ ಹಿಂದಷ್ಟೇ ನನಗೂ ಶೇವಂತಿಗೂ ಜಗಳವಾಗಿತ್ತು. ಶೇವಂತಿ ಪೇಟೆಯಲ್ಲಿ ನನ್ನ ಪಕ್ಕವೇ ಕೂರುವವಳು, ನಾವಿಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಶೆಟಗೇರಿಯ ಒಂದು ಮನೆಯವರು ಅವಳ ಹಳೆಯ ಗಿರಾಕಿಗಳು, ಅಂದು ನನ್ನ ಇಸ್ವಾಣ ಮೀನಿನ ಮೇಲೆ ಕಣ್ಣು ಬಿದ್ದು ನನ್ನ ಹತ್ತಿರ ಕೊಂಡರು. ಅಷ್ಟಕ್ಕೇ ಪೇಟೆ ಎರಡಾಯಿತು. ಈಗ ಪಾಪ ಅವಳೇ ಮೊದಲಾಗಿ, ಎಲ್ಲರೆದುರು, ಗಿರಿಜಕ್ಕನ ಡಬ್ಬಿ ಇಸಕೊಂಡು ನನ್ನ ಮುಂದೆ ಹಿಡಿದಳು.

"ತಕಳೆ ಯಶೋದಾ. ಹೋದದ್ದು ಹೋತು."

ಹುರಿದ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಬೆರಳು ಅರ್ಧ ಹೋಗಿತ್ತು. ಮುಖಕ್ಕೆ ಪಂಚೆ ಸುತ್ತಿಕೊಂಡಿದ್ದ ಆಸ್ಪತ್ರೆಯ ಆ ಮನುಷ್ಯ ನೆನಪಾದ. ಕೈ ಹಿಂದೆಳೆದು "ನಂಗೆ ಬೇಡ" ಎಂದೆ.

ಶೇವಂತಿ ಡಬ್ಬಿ ಮುಚ್ಚಿದಳು. ಅಂಕೋಲೆಯಲ್ಲಿ ಇಳಿದ ಮೇಲೆ ತನ್ನ ಬುಟ್ಟಿಯನ್ನು ನನ್ನ ಪಕ್ಕದಿಂದ ಎತ್ತಿ ಆಚೆ ಕಂಬದ ಹತ್ತಿರ ಇಟ್ಟುಕೊಂಡಳು. ನಾನು ಕಾರಣ ಹೇಳಬಹುದಿತ್ತು. ಹೇಳಿದರೆ ಪೇಟೆಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಬಾಯಿ ಕಟ್ಟಿತ್ತು.

ಹಾಗೇ ಎಷ್ಟು ದಿನ ಹೋಗುತ್ತಿತ್ತೋ. ಒಂದು ಬೆಳಿಗ್ಗೆ ಡಬ್ಬಿ ಸುತ್ತು ಬರುವಾಗ ಹಿಂದಿನಿಂದ ಒಬ್ಬಳು, "ಅವ್ಳಿಗೆ ಹಿಡಿಬೇಡ್ರೆ, ಅವ್ರು ಈಗ ದೊಡ್ಡೋರು" ಎಂದಳು. ಮಶೇರಿ ಬಿಟ್ಟ ತಲೆ, ಮೊದಲೇ ಕುದಿಯುತ್ತಿತ್ತು. ಮೊಬೈಲಿನ ಬೆಳಕು ಬಿಟ್ಟು, ಬಾಯಿ ಅಗಲ ಮಾಡಿ, ಕೆನ್ನೆ ಬೆರಳಲ್ಲಿ ಎಳೆದು ಹಿಡಿದೆ. ಒಬ್ಬೊಬ್ಬರ ಮುಂದೆಯೂ ಹೋದೆ, ಶೇವಂತಿಯ ಮುಂದೆಯೂ.

"ನೋಡಿ. ಡಾಕ್ಟರು ಹೇಳಿದ್ದು ಇದು ಕ್ಯಾನ್ಸರ್ ದಾರೀಲಿ ನಿಂತದ್ದು. ಇದನ್ನ ಕೊಟ್ಟದ್ದು ಈ ಡಬ್ಬಿ. ಈಗ ಹೇಳಿ, ತಕಣ್ಲಾ?"

ಶೇವಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ರಸ್ತೆಯ ಕಡೆ ತಿರುಗಿದಳು. ಸಿಟ್ಟು ಇನ್ನೂ ಇಳಿದಿಲ್ಲ ಎಂದು ನಾನು ತಿಳಿದೆ.

ಮರುದಿನದಿಂದ ನನ್ನ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಕರುಣೆ. ನನ್ನೆದುರು ಡಬ್ಬಿ ತೆಗೆಯುವುದಿಲ್ಲ. ಬಂದರಿನಲ್ಲಿ ಬಲೆ ರಾಶಿಯ ಹಿಂದೆ ಹೋಗಿ ತಿಕ್ಕಿ ಬರುತ್ತಾರೆ, ನನ್ನನ್ನು ಒಬ್ಬಳೇ ಬುಟ್ಟಿ ಕಾಯಲು ಕೂರಿಸಿ. ಸೂತಕದವಳ ಹಾಗೆ ಕೂತಿರುತ್ತಿದ್ದೆ. ಅವರು ಬಲೆಯ ಹಿಂದೆ ನಗುವುದು ಕೇಳುತ್ತಿತ್ತು. ಸತ್ಯ ಹೇಳುತ್ತೇನೆ, ಆಗ ನನಗೆ ಮಶೇರಿಗಿಂತ ಆ ನಗೆಯ ಆಸೆ ಜಾಸ್ತಿ ಇತ್ತು. ಇನ್ನೊಂದು ವಾರ ಹಾಗೇ ಇದ್ದಿದ್ದರೆ ನಾನೂ ಎದ್ದು ಬಲೆಯ ಹಿಂದೆ ಹೋಗಿಬಿಡುತ್ತಿದ್ದೆ.

ಅದನ್ನೇ ಗಿರಿಜಕ್ಕನ ಮುಂದೆ ಆಡಿದೆ. "ನಂಗೊಬ್ಬಳಿಗೇ ಆದ್ರೆ ಬಿಡುಕೆ ಆತಿಲ್ಲ ಗಿರಿಜಕ್ಕ. ನೀವೆಲ್ಲ ಬಿಟ್ರೆ ಆತದೆ."

ಗಿರಿಜಕ್ಕ ಬೈಯಲಿಲ್ಲ. ಸಂಜೆ ಟೆಂಪೋ ವಾಪಸು ಬರುವಾಗ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಳು. "ಇವತ್ತಿಂದ ನಮ್ಮ ಟೆಂಪೋದಲ್ಲಿ ಮಶೇರಿ ಬೇಡ. ಯಶೋದನ ಕೂಗು ಹೋದ್ರೆ ನಮ್ಮೆಲ್ಲರ ಗಿರಾಕಿ ಅರ್ಧ ಹೋದ ಹಾಗೆ. ಎಂತ ಹೇಳ್ತ್ರಿ?"

ಮಾತು ಎದ್ದಿತು ನೋಡಿ. ಒಬ್ಬಳಿಗೆ ಹಲ್ಲುನೋವಿನ ಚಿಂತೆ, ಇನ್ನೊಬ್ಬಳಿಗೆ ಹೊಟ್ಟೆಯ ಚಿಂತೆ. ಎಲ್ಲರನ್ನೂ ಕಟ್ಟಿಹಾಕಿದ್ದು ಮಾತ್ರ ಒಂದೇ ಪ್ರಶ್ನೆ: ಡಬ್ಬಿ ಇಲ್ಲದಿದ್ದರೆ ಜಗಳ ಮುಗಿಸುವುದು ಹೇಗೆ? ಆ ಹೊತ್ತಿಗೆ ಮಾತು ಬಿಟ್ಟವರು ನಾನು ಶೇವಂತಿ ಮಾತ್ರ ಅಲ್ಲ, ಇನ್ನೂ ಎರಡು ಜೋಡಿ ಇದ್ದವು. "ಸಾರಿ ಹೇಳಿ" ಎಂದು ಡ್ರೈವರ್ ಮುಂದಿನಿಂದ ಸಲಹೆ ಕೊಟ್ಟ. ಅವನ ಬಾಯಿ ಮುಚ್ಚಿಸಿದೆವು. ಸಾರಿ ಹೇಳಿದರೆ ತಪ್ಪು ಯಾರದು ಎಂದು ತೀರ್ಮಾನ ಆಗಬೇಕು, ಅದು ಆಗುವಾಗ ಗೋವಾ ಮುಟ್ಟುತ್ತೇವೆ. ಡಬ್ಬಿಯ ಗುಣ ಅದೇ ತಾನೆ, ತಪ್ಪು ಯಾರದ್ದೆಂದು ಕೇಳುವುದಿಲ್ಲ.

ಅಮದಳ್ಳಿ ದಾಟುವ ಹೊತ್ತಿಗೆ ತೀರ್ಮಾನವಾಯಿತು. ಡಬ್ಬಿ ಇರಲಿ, ಒಳಗಿನದ್ದು ಬದಲಾಗಲಿ. ಹುರಿದ ಓಮ, ಬಡೇಸೋಪು, ಸ್ವಲ್ಪ ಉಪ್ಪು. ಹೊಟ್ಟೆಗೂ ಆಯಿತು, ಬಾಯಿಗೂ ಆಯಿತು. ಸರದಿಯ ಮೇಲೆ ಒಬ್ಬೊಬ್ಬರ ಮನೆಯಿಂದ ಬರಬೇಕು, ಮನೆಗೆ ಬಂದ ಸೊಸೆಗಾಗಲಿ ಬೆಳೆದ ಮಗಳಿಗಾಗಲಿ ಮಶೇರಿ ಹಿಡಿಯಬಾರದು. ಮೊದಲ ಸರದಿ ನನ್ನದು. ಹಳೆಯ ಕಾವಲಿಯಲ್ಲಿ ಹುರಿದರೆ ಓಮಕ್ಕೂ ಹೊಗೆಸೊಪ್ಪಿನದೇ ವಾಸನೆ. ಆ ಕಾವಲಿಯನ್ನು ಕೋಳಿಗೂಡಿನ ಮುಚ್ಚಳ ಮಾಡಿ ಹೊಸದು ತಂದೆ.

ಎಲ್ಲರೂ ಮೊದಲ ದಿನವೇ ಬಿಟ್ಟರು ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ಕದ್ದು ತಿಕ್ಕಿದವರಿದ್ದಾರೆ, ನಮಗೆ ವಾಸನೆ ಬರುತ್ತಿತ್ತು, ನಗಾಡಿ ನಾಚಿಸುತ್ತಿದ್ದೆವು. ತಲೆನೋವು ಎಂದವಳ ಬುಟ್ಟಿಯನ್ನು ಇನ್ನೊಬ್ಬಳು ಹೊತ್ತಳು. ಸಿಡುಕಿದವಳಿಗೆ ಡಬ್ಬಿ ಹಿಡಿದೆವು. ಮಾತು ಬಿಟ್ಟಿದ್ದ ಆ ಎರಡೂ ಜೋಡಿ ಓಮ ತಿಂದು ಒಂದಾದವು. ಓಮಕ್ಕೆ ಅಷ್ಟು ಶಕ್ತಿ ಇದೆಯೆಂದು ಯಾವ ಪಂಡಿತನಿಗೂ ಗೊತ್ತಿರಲಿಕ್ಕಿಲ್ಲ.

ರೇಷ್ಮಾ ಇದನ್ನೆಲ್ಲ ಡಾಕ್ಟರಿಗೆ ಹೇಳಿದ್ದಳು. ಅವರು ಒಂದು ದಿನ ಟಾರ್ಚು ಹಿಡಿದು ಸೀದಾ ಮೀನುಪೇಟೆಗೇ ಬಂದರು. ಆ ದಿನ ನೆನೆದರೆ ಈಗಲೂ ನನಗೆ ಕುಂತಲ್ಲಿ ಕೂರಲಾಗುವುದಿಲ್ಲ. ಗಿರಿಜಕ್ಕ ಮೊದಲು ಬಾಯಿ ತೆಗೆದಳು, ಆಮೇಲೆ ಸಾಲು ಹತ್ತಿತು. ದಿನಾ ನಮ್ಮ ಮೀನಿನ ಕಿವಿರು ಎತ್ತಿ ನೋಡುವ ಗಿರಾಕಿಗಳು ಚೀಲ ಹಿಡಿದು ನಿಂತು ನೋಡಿದರು, ಈ ಸಲ ನಮ್ಮದೇ ತಪಾಸಣೆ. "ತಾಜಾ ಇದೆಯಾ ನೋಡಿ ಡಾಕ್ಟ್ರೆ" ಎಂದು ನಾನು ಕೂಗಿದೆ. ಇಬ್ಬರಿಗೆ ಆಸ್ಪತ್ರೆಗೆ ಬರಲು ಹೇಳಿದರು, ಇಬ್ಬರೂ ಮರುದಿನವೇ ಹೋದರು. ಬಾಯಿಹುಣ್ಣಿನವಳ ಮೀನು ಯಾರು ಕೊಳ್ಳುತ್ತಾರೆ ಎಂದು ಹೆದರಿದ್ದೆನಲ್ಲ, ಅಂದು ನನ್ನ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿ. ಈಗ ಚೆಂಡಿಯಾ ಕಾಲನಿಯ ನನ್ನ ತವರಿನ ಹೆಂಗಸರೂ ಕರೆಯುತ್ತಿದ್ದಾರೆ, ಡಬ್ಬಿ ತಕಂಡು ಬಾ ಎಂದು.

ಆ ಸಾಲಿನಲ್ಲಿ ಶೇವಂತಿ ಇರಲಿಲ್ಲ. ಡಾಕ್ಟರು ಬಂದದ್ದು ಕಂಡು ಮೀನನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದು ಹೋಗಿದ್ದಳು. ಓಮದ ಡಬ್ಬಿಯನ್ನೂ ನಾನು ಎರಡು ಸಲ ಹಿಡಿದು ನೋಡಿದೆ, ಮುಖ ತಿರುಗಿಸಿದಳು. ನನಗೆ ಬೇಜಾರಾಯಿತು, ರೋಷವೂ ಬಂತು.

ಮಳೆಗಾಲ ಕಳೆಯಿತು, ದೋಣಿಗಳು ಮತ್ತೆ ನೀರಿಗಿಳಿದವು. ಡಾಕ್ಟರು ಹೇಳಿದ ದಿನಕ್ಕೆ ನಾನು ರೇಷ್ಮಾ ಕಾರವಾರಕ್ಕೆ ಹೋದೆವು. ಕುರ್ಚಿಯಲ್ಲಿ ಒರಗಿ ಬಾಯಿ ತೆಗೆದೆ. ಟಾರ್ಚಿನ ಬೆಳಕು ಆ ಕಡೆ ಈ ಕಡೆ ಹೋಯಿತು. ಡಾಕ್ಟರು ರೇಷ್ಮಾಳನ್ನು ಹತ್ತಿರ ಕರೆದು "ಎಲ್ಲಿತ್ತು, ನೀನೇ ತೋರಿಸು ನೋಡೋಣ" ಎಂದರು. ಅವಳು ಬಗ್ಗಿ ಹುಡುಕಿದಳು. ತೆಳ್ಳನೆಯ ಒಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ.

"ಆಯಿ, ಹೋಗಿದೆ" ಎಂದಳು ರೇಷ್ಮಾ. ಆಗಾಗ ಬಂದು ತೋರಿಸುತ್ತಿರಬೇಕು, ಮಶೇರಿ ಮುಟ್ಟಬಾರದು ಎಂದು ಡಾಕ್ಟರು ಹೇಳುತ್ತಿದ್ದರು. ನಾನು ಆಯ್ತು ಆಯ್ತು ಎನ್ನುತ್ತ ಅವರ ಎರಡೂ ಕೈ ಹಿಡಿದುಕೊಂಡಿದ್ದೆ. ಮನೆಗೆ ಹೋಗಿ ಖಾರ ಹಾಕಿ ತಾರ್ಲೆ ಸಾರು ಮಾಡಬೇಕು, ಗಂಡನನ್ನು ಒಲೆಯ ಹತ್ತಿರ ಬಿಡಬಾರದು ಎಂದು ಲೆಕ್ಕ ಹಾಕುತ್ತ ಹೊರಗೆ ಬಂದೆ.

ಬೆಂಚಿನ ತುದಿಯಲ್ಲಿ ಶೇವಂತಿ ಕೂತಿದ್ದಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಸೆರಗು ಬಾಯಿಗೆ ಅಡ್ಡ ಇತ್ತು, ಟೆಂಪೋದಲ್ಲಿ ಅಂದು ಇದ್ದ ಹಾಗೆಯೇ. ನನ್ನನ್ನು ಕಂಡು ಏಳಲು ಹೋಗಿ ಕೂತಳು. ನಾನು ಪಕ್ಕದಲ್ಲಿ ಕೂತು, ಸೊಂಟದಿಂದ ಓಮದ ಡಬ್ಬಿ ತೆಗೆದು, ಮುಚ್ಚಳ ತೆರೆದು ಹಿಡಿದೆ.

ಅವಳು ಒಂದು ಚಿಟಿಕೆ ತೆಗೆದಳು. ಬಾಯಿಗೆ ಹಾಕಲಿಲ್ಲ, ಅಂಗೈಯಲ್ಲಿ ಇಟ್ಟುಕೊಂಡಳು.

"ಬುಟ್ಟಿ ಎತ್ತಿದ್ದು ಸಿಟ್ಟಿಂದ, ಆಮೇಲೆ ಮಾತು ಬಿಟ್ಟದ್ದು ಸಿಟ್ಟಿಂದಲ್ಲ ಯಶೋದಾ. ಅಂದು ನೀ ಬಾಯಿ ತೋರ್ಸಿದ್ಯಲ್ಲ, ಮನೆಗೆ ಹೋಗಿ ಕನ್ನಡೀಲಿ ನೋಡ್ದೆ. ನಂದ್ರಲ್ಲೂ ಇತ್ತು. ನಿಂಗಿಂತ ದೊಡ್ಡದು."

"ಮಶೇರಿ?"

"ಟೆಂಪೋದಲ್ಲಿ ಬಿಟ್ಟೆ. ಮನೇಲಿ ಒಬ್ಳೇ ಇದ್ರೆ ಬಿಡುಕೆ ಆತಿಲ್ಲ."

ನನ್ನ ರೋಷವೆಲ್ಲ ಎಲ್ಲಿ ಹೋಯಿತೋ. ಇಷ್ಟು ದಿನ ಅವಳು ಅದನ್ನು ಒಬ್ಬಳೇ ಬಾಯಲ್ಲಿ ಇಟ್ಟುಕೊಂಡು ನನ್ನ ಎದುರೇ ಕೂತು ಮೀನು ಮಾರಿದ್ದಳು. "ನಾಳೆಯಿಂದ ಸಂಜೆ ಹೊತ್ತು ನಮ್ಮನೆಗೆ ಬಾ" ಎಂದೆ. "ಬುಟ್ಟಿ ಕಂಬದ ಹತ್ರದಿಂದ ತಕಂಡು ಬಾ, ಮೊದಲಿನ ಜಾಗಕ್ಕೆ."

ಅಷ್ಟರಲ್ಲಿ ಅವಳ ಹೆಸರು ಕರೆದರು. ಅವಳು ನನ್ನ ಕೈ ಬಿಡಲಿಲ್ಲ, ನಾನೂ ಒಳಗೆ ಹೋದೆ. ನಾನು ಆಗಷ್ಟೇ ಎದ್ದು ಬಂದ ಕುರ್ಚಿಯಲ್ಲಿ ಅವಳು ಕೂತಳು.

"ಬಾಯಿ ತೆಗೆಯಿರಿ" ಎಂದರು ಡಾಕ್ಟರು.

ಶೇವಂತಿ ತೆಗೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಪೇಟೆಯಲ್ಲಿ ನನಗಿಂತ ಜೋರಾಗಿ ಕೂಗಬಲ್ಲವಳು ಯಾರಾದರೂ ಇದ್ದರೆ ಅವಳೊಬ್ಬಳೇ. ನಾನು ಡಾಕ್ಟರ ಟಾರ್ಚಿನ ಬೆಳಕಿಗೆ ಮುಖ ಒಡ್ಡಿ ನಿಂತು, ಕೆನ್ನೆ ಬೆರಳಲ್ಲಿ ಎಳೆದು, ನನ್ನ ಬಾಯನ್ನು ಪೂರ್ತಿ ತೆಗೆದೆ. ಅವಳು ಕತ್ತು ಮುಂದೆ ಚಾಚಿ ಒಳಗೆಲ್ಲ ಮಚ್ಚೆ ಹುಡುಕಿದಳು. ಆಮೇಲೆ ಸೆರಗು ಸರಿಸಿ, ಕಣ್ಣು ಮುಚ್ಚಿ, ತಾನೂ ತೆಗೆದಳು.